ಅಂಗೈ ಗೆರೆ ಕಾಣುವಷ್ಟು ಬೆಳಕು

ಮಂದಿಯ ಸಣ್ಣತನವನ್ನು ದಿನಚರಿಯಲ್ಲಿ ಬರೆದಿಡುವುದು ನನ್ನ ಹಳೆಯ ಚಟ. 1920ರ ನಂತರದ ಆ ವರ್ಷಗಳಲ್ಲಿ ನಾನು ಬೆಳಗಾವಿಯ ಕಚೇರಿಯೊಂದರಲ್ಲಿ ಕಾರಕೂನ. ಖಾಸಬಾಗದಲ್ಲಿ ಒಂದು ಖೋಲಿ. ಸಂಜೆ ಬಂದವನೇ ಮಸಿಯ ದೌತಿಯ ಮುಚ್ಚಳ ತೆಗೆದು, ಅವತ್ತು ಯಾರು ಯಾರಿಗೆ ಏನು ಸುಳ್ಳು ಹೇಳಿದರೆಂದು ಬರೆಯಲು ಕೂಡುತ್ತಿದ್ದೆ. ನನ್ನ ಸುಳ್ಳನ್ನು ಬರೆದದ್ದು ಮಾತ್ರ ಒಂದೇ ದಿನ.

ನಮ್ಮ ಮನೆ ಇದ್ದದ್ದು ಖಾನಾಪುರದಲ್ಲಿ. ತಂಗಿಯನ್ನು ನೋಡಲು ಬಂದ ಮೂರು ಕಡೆಯವರು ಒಪ್ಪದೇ ಹೋಗಿದ್ದರು. ರೂಪಕ್ಕೇನೂ ಕೊರತೆ ಇರಲಿಲ್ಲ, ತೊಂದರೆ ಬಾಯಿಯದು. ಇದ್ದದ್ದು ಇದ್ಹಾಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ ಎನ್ನುವ ಗಾದೆ ಅವಳಿಗೆ ಗೊತ್ತೇ ಇರಲಿಲ್ಲ. ಮೂರನೆಯವರು ತಂದ ಉಂಡಿಯನ್ನು ಬಾಯಿಗಿಟ್ಟು, ತುಪ್ಪ ಹಳೆಯದೆಂದು ಅವರ ಎದುರಿಗೇ ಹೇಳಿದ್ದಳು. ನಾಲ್ಕನೆಯವರು ಬರುವ ಮುಂಚೆ, ಈ ಸಲ ಬಾಯಿ ಬಿಡುವುದಿಲ್ಲವೆಂದು ಅವ್ವ ಅವಳಿಂದ ಆಣೆ ಮಾಡಿಸಿದ್ದಳು.

ಬೆಳಗಾವಿಯಿಂದ ವರನ ಕಡೆಯವರನ್ನು ಕರೆತರುವ ಕೆಲಸ ನನ್ನದು. ವರನ ಸೋದರಮಾವ ಕನ್ನಡಿಯ ಮುಂದೆ ಮೂರು ಸಲ ರುಮಾಲು ಬಿಚ್ಚಿ ಮೂರು ಸಲ ಸುತ್ತಿದರು. ಮಧ್ಯಾಹ್ನದ ಗಾಡಿ ತಪ್ಪಿತು. ಮುಂದಿನ ಗಾಡಿ ಹಿಡಿದು ಮನೆ ಮುಟ್ಟಿದಾಗ ಸಂಜೆ.

ನಾವೂ ಅವರೂ ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು. ಆದರೆ ಆಕಾಶದ ತುಂಬ ಮೋಡ, ಸೂರ್ಯ ಇದ್ದಾನೋ ಹೋದನೋ ಯಾರಿಗೂ ಗೊತ್ತಿಲ್ಲ. ವರನ ತಂದೆಯ ಕಿಸೆಯ ಗಡಿಯಾರ ಒಂದು ಹೇಳಿತು, ನಮ್ಮ ಗೋಡೆಯದು ಇನ್ನೊಂದು. ಎಲ್ಲರಿಗೂ ಹಸಿವೆ, ಆದರೆ ಇನ್ನೂ ಹಗಲಿದೆ ಎಂದು ಮೊದಲು ಹೇಳಿದವನ ತಲೆಗೇ ಪಾಪ. ಸೋದರಮಾವ ಒಮ್ಮೆ ಆಕಾಶ ನೋಡುವರು, ಒಮ್ಮೆ ಹೋಳಿಗೆ ನೋಡುವರು.

ದೀಪವಿಲ್ಲದೆ ಅಂಗೈ ಗೆರೆ ಕಂಡರೆ ಹಗಲು ಎಂದು ನಮ್ಮ ಮನೆಯ ರೂಢಿ. ಅಪ್ಪ ನನ್ನನ್ನು ಅಂಗಳಕ್ಕೆ ಕಳಿಸಿದ. ಅಂಗೈ ಬಿಚ್ಚಿ ನೋಡಿದೆ. ಒಂದು ಗೆರೆಯೂ ಕಾಣಲಿಲ್ಲ. ಆದರೆ ಹಸಿದು ಮಲಗಿದ ಬೀಗರು ಬೆಳಿಗ್ಗೆ ಎದ್ದು ಸಂಬಂಧಕ್ಕೆ ಹೂಂ ಅನ್ನುವುದುಂಟೇ?

"ಕಾಣಾಕತ್ತಾವ್ರಿ," ಎಂದೆ. "ಕುಂದರ್ರಿ, ಊಟಾ ಮಾಡ್ರಿ."

ಎಲ್ಲರೂ ಸಮಾಧಾನದಿಂದ ಕೂತರು. ತುಪ್ಪದ ಗಿಂಡಿ ಹಿಡಿದು ಬಂದ ತಂಗಿ ಬಾಗಿಲಲ್ಲೇ ನಿಂತಳು. ತನ್ನ ಅಂಗೈ ನೋಡಿಕೊಂಡಳು.

"ನನಗ ಗೆರಿ ಕಾಣವಲ್ಲವು," ಎಂದಳು. "ಹೊತ್ತು ಮುಣಗೇತಿ."

ವರನ ತಂದೆ ಎಲೆಗೆ ಕೈಮುಗಿದು ಎದ್ದರು. ಆಮೇಲೆ ಯಾರೂ ನೀರು ಕೂಡ ಮುಟ್ಟಲಿಲ್ಲ. ಅವ್ವ ಒಲೆಯ ಮುಂದೆ ಕೂತು ಅತ್ತಳು. ನನಗೆ ತಂಗಿಯ ಮೇಲೆ ತಡೆಯಲಾರದ ಸಿಟ್ಟು. ಅದು ನನ್ನ ಮೇಲೆ ನನಗೇ ಬಂದ ಸಿಟ್ಟೆಂದು ಗೊತ್ತಿದ್ದರೂ ಅವಳ ಸಂಗಡ ಮಾತಾಡಲಿಲ್ಲ.

ಬೆಳಿಗ್ಗೆ ಎಲ್ಲರೂ ಬಸದಿಗೆ ಹೋಗಿ ಬಂದರು. ತಂಗಿ ಬಿಸಿ ಅವಲಕ್ಕಿ ಮಾಡಿದ್ದಳು. ಎಲ್ಲರ ತಾಟೂ ಎರಡೆರಡು ಸಲ ಖಾಲಿಯಾದವು. ಆಮೇಲೆ ವರನ ತಂದೆ ಅವಳನ್ನು ಅಡುಗೆಮನೆಯಿಂದ ಹೊರಗೆ ಕರೆದರು.

"ನಿನ್ನಿ ನಿಮ್ಮಣ್ಣಗ ಗೆರಿ ಕಂಡ್ವು, ನಿನಗ ಕಾಣಲಿಲ್ಲ. ಯಾರದು ಖರೇ ಅವ್ವಾ?"

ಇವಳು ಸುಳ್ಳು ಹೇಳುವವಳಲ್ಲ. ಅಣ್ಣ ಸುಳ್ಳುಗಾರನೆಂದರೆ ಈ ಮನೆತನದ ಹೆಣ್ಣನ್ನು ಯಾರು ತರುತ್ತಾರೆ?

ತಂಗಿ ನನ್ನನ್ನೊಮ್ಮೆ ನೋಡಿದಳು. "ಅಣ್ಣ ಗೆರಿ ನೋಡಲೇ ಇಲ್ಲರಿ," ಎಂದಳು. "ನನ್ನ ಮದಿವಿ ನೋಡಾಕತ್ತಿದ್ದ."

ಒಂದು ಸುಳ್ಳೂ ಹೇಳದೆ ಅವಳು ನನ್ನ ಮಾನ ಕಾಯ್ದಿದ್ದಳು.

ವರನ ತಂದೆ ತಾಟು ಬದಿಗೆ ಸರಿಸಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಪಂಚಾಂಗ ತರಸ್ರಿ," ಎಂದರು. "ಲಗ್ನಾ ಮುಂಜಾನೀದ ಇಡ್ರಿ. ನಮ್ಮ ಭಾವಗ ರುಮಾಲು ಸುತ್ತಾಕ ಹಿಂದಿನ ದಿನಾನ ಹೇಳ್ತೀನಿ."