ಮಕೆರೆಟಾಳ ಮಣ್ಣಿಗೆ ಬಂದ ಲಾರಿ

ಅಸೆಸೆಲಾ ಇಪ್ಪತ್ತೆರಡು ವರ್ಷ ಖಾಲಿ ಬಾಟಲಿ ನೋಡಿದ. ನಮ್ಮ ದ್ವೀಪದ ಸುವಾ ಊರಾಚೆಯ ತಂಪುಪಾನೀಯದ ಕಾರ್ಖಾನೆಯಲ್ಲಿ ಅವನ ಕೆಲಸ ಅದೇ. ತೊಳೆದ ಬಾಟಲಿಗಳು ಬಿಳಿ ದೀಪದ ಮುಂದೆ ಸಾಲಾಗಿ ಓಡುತ್ತವೆ. ಒಳಗೆ ಸಿಗರೇಟು ತುಂಡೋ, ಸತ್ತ ಹಲ್ಲಿಯೋ, ಸೀಮೆಣ್ಣೆಯ ಜಿಡ್ಡೋ ಕಂಡರೆ ಎತ್ತಿ ಎಡಕ್ಕೆ ಇಡಬೇಕು. ಅವನ ಕಣ್ಣು ತಪ್ಪಿಸಿ ಹೋದ ಹಲ್ಲಿ ಒಂದೂ ಇಲ್ಲ. ಮನೆಯಲ್ಲೂ ನೀರಿನ ಲೋಟವನ್ನು ಬೆಳಕಿಗೆ ಹಿಡಿದೇ ಕುಡಿಯುತ್ತಿದ್ದ.

ಕಂಪನಿ ಕೆಟ್ಟದ್ದು ಎಂದು ಹೇಳಿ ಮುಗಿಸಿದರೆ ಸುಳ್ಳಾಗುತ್ತದೆ. ಯೂನಿಯನ್ ಕಾರ್ಯದರ್ಶಿಯಾಗಿ ಹದಿನಾರು ವರ್ಷ ಅದರ ಗೇಟಿನ ಮುಂದೆ ಗಂಟಲು ಹರಿದುಕೊಂಡ ನಾನೇ ಹೇಳುತ್ತೇನೆ: ಸಂಬಳ ಒಂದು ವಾರವೂ ತಪ್ಪಲಿಲ್ಲ. ಬೂಟು ಕೊಟ್ಟರು, ಬಟ್ಟೆ ಕೊಟ್ಟರು. ಕಬ್ಬು ಕಡಿದು ಬೆನ್ನು ಮುರಿದುಕೊಂಡ ನಮ್ಮಪ್ಪನಿಗೆ ಇದ್ಯಾವುದೂ ಸಿಕ್ಕಿರಲಿಲ್ಲ. ಮೇಲೆ ಶುಕ್ರವಾರಕ್ಕೊಂದು ಕ್ರೇಟು ಪಾನೀಯ, ಪುಕ್ಕಟೆ.

ಆ ಕ್ರೇಟೇ ಅಸೆಸೆಲಾನ ಮಾನ. ಅವನ ಹಳ್ಳಿಯಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಉಳ್ಳವರು ದನ ತರುತ್ತಾರೆ, ಹೆಂಗಸರು ಹೆಣೆದ ಚಾಪೆ ತರುತ್ತಾರೆ. ಇವನು ಕ್ರೇಟು ಹೊತ್ತು ಬಂದರೆ ಹಿರಿಯರು ಸರಿದು ಪಕ್ಕದಲ್ಲಿ ಜಾಗ ಬಿಡುತ್ತಿದ್ದರು. ಸಾವಿಲ್ಲದ ವಾರದ ಕ್ರೇಟು ಹೆಂಡತಿ ಮಕೆರೆಟಾಳ ಪಾಲು. ಮರಗೆಣಸು ತಿಂದು ನೀರು ಕುಡಿದ ಹಾಗೆ ಕುಡಿಯುತ್ತಿದ್ದಳು. ಸಕ್ಕರೆ ಕಾಯಿಲೆ ಹಿಡಿಯಿತು. ಹೆಬ್ಬೆರಳಿನ ಹುಣ್ಣು ಮಾಯಲೇ ಇಲ್ಲ.

ಆ ವರ್ಷ ನಾವು ಕೆಲಸಗಾರರ ಮನೆಮಂದಿಗೂ ಕಂಪನಿ ಖರ್ಚಿನಲ್ಲಿ ವೈದ್ಯ ಬೇಕು ಎಂದು ಹಟ ಹಿಡಿದೆವು. ಹಾಗಾದರೆ ಕ್ರೇಟು ಬಿಡಿ, ಎರಡರಲ್ಲಿ ಒಂದು, ಎಂದಿತು ಕಂಪನಿ. ಕೈ ಎತ್ತಿ ತೀರ್ಮಾನಿಸಲು ಸಭೆ ಸೇರಿದೆವು. ಅಸೆಸೆಲಾ ಎದ್ದು ನನ್ನ ಕಡೆ ತಿರುಗಿದ.

"ನಿಂಗೇನಪ್ಪಾ ಧನಿರಾಮ, ನಿಮ್ಮೋರು ಸತ್ರೆ ಸುಟ್ಟು ಕೈ ತೊಳ್ಕೋತೀರಿ. ನಮ್ದು ನೂರು ದಿನದ ಸೂತಕ, ಅಷ್ಟೂ ದಿನ ಊರಿಗೆ ಮುಖ ತೋರಿಸ್ಬೇಕು. ಡಾಕ್ಟ್ರ ಚೀಟಿ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?"

ಸಭೆ ಬಿದ್ದು ಬಿದ್ದು ನಕ್ಕಿತು.

"ನಿನ್ನ ಹೆಂಡ್ತಿ ಕಾಲು ನೋಡಿದೀಯೇನೋ, ಮಂಗ?" ಎಂದೆ.

"ನನ್ನ ಹೆಂಡ್ತಿ ಕಾಲು ನಾನು ನೋಡ್ಕೋತೀನಿ. ನೀನ್ಯಾಕೋ ನೋಡೋಕೆ ಹೋಗಿದ್ದೆ?"

ಮತ್ತೆ ನಗು. ಆ ನಗುವಿನಲ್ಲೇ ಕೈಗಳು ಎದ್ದವು. ಕ್ರೇಟು ಗೆದ್ದಿತು.

ಈಸ್ಟರ್ ಹೊತ್ತಿಗೆ ಮಕೆರೆಟಾಳ ಪಾದ ಕತ್ತರಿಸಿದರು. ಮರುವರ್ಷ ಮೊಣಕಾಲಿನವರೆಗೆ. ಆಮೇಲೆ ಕತ್ತರಿಸುವ ಕೆಲಸವೂ ಉಳಿಯಲಿಲ್ಲ.

ಮಣ್ಣಿನ ದಿನ ಬೆಳಿಗ್ಗೆ ಕಂಪನಿಯ ಲಾರಿ ಬಂತು. ನಲವತ್ತು ಕ್ರೇಟು, ಮೇಲೊಂದು ಹೂವಿನ ಚಕ್ರ. ಮ್ಯಾನೇಜರು ಚಾಪೆಯ ಮೇಲೆ ಕೂತು, ತಲೆ ತಗ್ಗಿಸಿ, ಪದ್ಧತಿ ಪ್ರಕಾರ ಒಪ್ಪಿಸಿದ. ಸಾವಿನ ಕಾಣಿಕೆ ಬೇಡ ಎನ್ನುವ ಬಾಯಿ ಆ ಜನಕ್ಕಿಲ್ಲ. ಅಸೆಸೆಲಾ ಅವರಲ್ಲಿ ಗೌರವ ತೋರುವ ಹಾಗೆ ಬೊಗಸೆ ಸೇರಿಸಿ ಚಪ್ಪಾಳೆ ತಟ್ಟಿ ಸ್ವೀಕರಿಸಿದ. ಯಾರೋ ಕಿತ್ತಳೆ ಬಣ್ಣದ ಒಂದು ಬಾಟಲಿ ಕೈಗಿತ್ತರು. ಅವನು ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ.

"ಏನಿದೆಯೋ ಒಳಗೆ?" ಎಂದೆ.

"ಏನೂ ಇಲ್ಲ ಕಣೋ. ಚೊಕ್ಕವಾಗಿದೆ."

ಆದರೂ ಎಡಕ್ಕೆ ಇಟ್ಟ. ಸೆಕೆ ವಿಪರೀತ ಇತ್ತು. ಉಳಿದದ್ದೆಲ್ಲ ಮಧ್ಯಾಹ್ನದೊಳಗೆ ಖಾಲಿಯಾಯಿತು. ನಾನೂ ಎರಡು ಕುಡಿದೆ.

ಕಂಪನಿಯೊಡನೆ ಮುಂದಿನ ಕರಾರಿನ ಹೊತ್ತಿಗೆ ಅದೇ ಬೇಡಿಕೆ, ಅದೇ ಷರತ್ತು, ಅದೇ ಸಭೆ. ಅಸೆಸೆಲಾ ಎದ್ದ.

"ಮಕೆರೆಟಾಗೆ ನಲವತ್ತು ಕ್ರೇಟು ಬಂತು. ನಿಮ್ಮ ಹೆಂಡ್ತೀರ್ಗೂ ಬರುತ್ತೆ. ಬೇಕು ಅನ್ನೋರು ಕೈ ಎತ್ತಿ."

ಯಾರೂ ನಗಲಿಲ್ಲ. ಕೈ ಮಾತ್ರ ಕ್ರೇಟಿಗೇ ಎತ್ತಿದರು. ಈ ಸಲ ಹನ್ನೊಂದೇ ಕೈಗಳಿಂದ ಸೋತೆವು.

ಆ ಶುಕ್ರವಾರ ಅವನು ತನ್ನ ಕ್ರೇಟನ್ನು ಗೇಟಿನಲ್ಲೇ ಬಿಟ್ಟು ಹೋದ. ಮರುವಾರವೂ ಬಿಟ್ಟ, ಅದರಾಚೆ ವಾರವೂ. ನಾಲ್ಕನೇ ವಾರ ಅವನ ಚಿಕ್ಕಪ್ಪ ತೀರಿಕೊಂಡ. ಸಂಜೆ ಗೇಟಿನಲ್ಲಿ ನಾನು ಎದುರಾದಾಗ ಕ್ರೇಟು ಅವನ ಹೆಗಲ ಮೇಲಿತ್ತು. ತನ್ನ ಮುಖ ನನಗೆ ಕಾಣಬಾರದೆಂದು ಅದನ್ನು ನನ್ನ ಕಡೆಯ ಹೆಗಲಿಗೆ ಬದಲಾಯಿಸಿಕೊಂಡು ಬಸ್ಸು ಹತ್ತಿದ.