ಬರಿಗಾಲಣ್ಣ ಬಿಗಿದ ಕ್ಲಚ್ಚು

ಟ್ರ್ಯಾಕ್ಟರ್ ರಿಪೇರಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಚಪ್ಪಲಿ ಕಳಚಿಟ್ಟು ಕ್ಲಚ್ ನೋಡುವವನು ಆ ಸುತ್ತಿನಲ್ಲಿ ಒಬ್ಬನೇ. ಅದಕ್ಕೇ ಅವನಿಗೆ ಬರಿಗಾಲಣ್ಣ ಎಂಬ ಹೆಸರು ಅಂಟಿಕೊಂಡದ್ದು. ಹೆತ್ತವರು ಇಟ್ಟ ಹೆಸರನ್ನು ಕರೆಯುವವರೇ ಇರಲಿಲ್ಲ. ಕ್ಲಚ್ ಪೆಡಲ್ ಒತ್ತಿದರೆ ಮೊದಲು ಒಂದೆರಡು ಬೆರಳಿನಷ್ಟು ಸಲೀಸಾಗಿ ಇಳಿಯಬೇಕು, ಆಮೇಲೆ ಗಟ್ಟಿಯಾಗಬೇಕು. ಆ ಸಡಿಲಕ್ಕೆ ಅವನು ‘ಆಟ’ ಎನ್ನುತ್ತಿದ್ದ. ಆಟ ಜಾಸ್ತಿಯಾದರೆ ಗೇರು ಕಿರುಗುಟ್ಟುತ್ತದೆ. ಆಟವೇ ಇಲ್ಲದಿದ್ದರೆ ಒಳಗಿನ ಪ್ಲೇಟು ಪೂರ್ತಿ ಕಚ್ಚದೆ, ಜಾರಿ ಜಾರಿ ಸುಟ್ಟುಹೋಗುತ್ತದೆ. ಬೇರೆಯವರು ಇದನ್ನು ಸ್ಕೇಲ್ ಹಿಡಿದು ಅಳೆಯುತ್ತಾರೆ. ಬರಿಗಾಲಣ್ಣನಿಗೆ ಸ್ಕೇಲ್ ಎಂದರೆ ಅಷ್ಟಕ್ಕಷ್ಟೇ. ಅಂಗಾಲಿಟ್ಟು ಒತ್ತಿದನೆಂದರೆ ಅಳತೆ ಮುಗಿಯಿತು, ಮತ್ತೆ ಯಾರೂ ತುಟಿ ಬಿಚ್ಚುವಂತಿಲ್ಲ.

ಕಸುಬು ಒಳ್ಳೆಯದು, ಬಾಯಿ ಮಾತ್ರ ಕೆಟ್ಟದ್ದು. ಪ್ಲೇಟು ಸುಟ್ಟಿತೆಂದು ಯಾರಾದರೂ ಬಂದರೆ ಮೊದಲು ಬೈಗುಳ ಬೀಳುತ್ತಿದ್ದುದು ಓಡಿಸಿದವರಿಗೆ. “ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ. ಅದೇನು ಕಾಲ್ಮಣೆನಾ?” ಎನ್ನುವನು. ಈಚೆಗೆ ಆ ಮಾತು ವಾರಕ್ಕೊಂದು ಸಲವಾದರೂ ಬರುತ್ತಿತ್ತು. ಓಡಿಸುವವರೆಲ್ಲ ಒಟ್ಟಿಗೇ ದಡ್ಡರಾಗಿಬಿಟ್ಟರೇ ಎಂದು ಅವನಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ತಾನೇ ಸರಿ ಎನ್ನುವವರಿಗೆ ಅನುಮಾನ ಬರುವುದೆಲ್ಲ ಪರರ ಮೇಲೆಯೇ.

ಆ ದಿನ ಬೆಳಿಗ್ಗೆ ಅವನ ಅಕ್ಕನ ಹಳೇ ಟ್ರ್ಯಾಕ್ಟರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಭಾವನಿಗೆ ಹಸು, ಹಾಲು ಬಿಟ್ಟರೆ ಬೇರೆ ಪ್ರಪಂಚವಿಲ್ಲ, ಉಳುಮೆಯೆಲ್ಲ ಅಕ್ಕನದೇ. ಹೋದ ತಿಂಗಳು ತಾನೇ ಬರಿಗಾಲಣ್ಣ ಅದಕ್ಕೆ ಹೊಸ ಪ್ಲೇಟು ಹಾಕಿದ್ದ. ಅರ್ಧ ಹೊಲ ಉತ್ತಿದ್ದಳು ಅಷ್ಟೇ.

“ನೇಗಿಲು ಮಣ್ಣಿಗಿಳಿಸಿದ್ರೆ ಸಾಕು, ಇಂಜಿನ್ ಅರಚ್ಕೊಳ್ಳುತ್ತೆ, ಗಾಡಿ ನಿಂತಲ್ಲೇ ನಿಲ್ಲುತ್ತೆ. ಸುಟ್ಟ ವಾಸನೆ ಬೇರೆ,” ಎಂದಳು ಅಕ್ಕ.

“ಪೆಡಲ್ ಮೇಲೆ ಕಾಲಿಟ್ಕೊಂಡು ಕೂತಿರ್ತೀಯ. ಇನ್ನೇನಾಗುತ್ತೆ?”

“ನಿನಗೆ ಟ್ರ್ಯಾಕ್ಟರ್ ಓಡಿಸೋದು ಕಲಿಸಿದ್ದೇ ನಾನು ಕಣೋ. ನನಗೇ ಹೇಳ್ಕೊಡ್ತೀಯ?”

ಬರಿಗಾಲಣ್ಣ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರದ ದಿಮ್ಮಿ ಕೊಟ್ಟು ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ, ಎರಡು ಭಾಗ ಮಾಡಿ ಸರಿಸಿದ. ಪ್ಲೇಟು ಕರಕಲಾಗಿತ್ತು. ಎಣ್ಣೆ ಸೋರಿ ಜಾರಿತೋ ಎಂದು ಸೀಲಿನ ಸುತ್ತ ಬೆರಳಾಡಿಸಿದ, ಒಣಗಿತ್ತು. ಸ್ಪ್ರಿಂಗುಗಳು ಸೋತಿರಲಿಲ್ಲ. ಪ್ಲೇಟು ಕಚ್ಚುವ ಚಕ್ರದ ಮೈ ಬಿಸಿಗೆ ನೀಲಿಗಟ್ಟಿತ್ತೇ ಹೊರತು ಸೊಟ್ಟಗಾಗಿರಲಿಲ್ಲ. ಕೊನೆಗೆ, ಪೆಡಲ್ ಒತ್ತಿದಾಗ ಪ್ಲೇಟಿನ ಹಿಡಿತ ಬಿಡಿಸುವ ಬೇರಿಂಗ್ ಕೈಗೆ ತೆಗೆದುಕೊಂಡ. ಸವೆದು ಗರಗರ ಎನ್ನುತ್ತಿತ್ತು. ಪೆಡಲನ್ನು ಸದಾ ಒತ್ತಿ ಹಿಡಿದಂತಿದ್ದರೆ ಮಾತ್ರ ಬೇರಿಂಗ್ ಹಾಗೆ ಸವೆಯುತ್ತದೆ.

“ಇದೋ ಸಾಕ್ಷಿ,” ಎಂದು ಅಕ್ಕನ ಮುಖಕ್ಕೇ ಹಿಡಿದ.

ಅಕ್ಕನಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಾಯಿತು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡನಲ್ಲ ಎನಿಸಿತು. ಆದರೂ ಮಾತು ಬೆಳೆಸದೆ ಮಧ್ಯಾಹ್ನವೆಲ್ಲ ಅವನ ಜೊತೆ ನಿಂತು ನಟ್ಟು ಎತ್ತಿಕೊಟ್ಟಳು, ದಿಮ್ಮಿ ಸರಿಸಿದಳು. ಹೊಸ ಪ್ಲೇಟು, ಹೊಸ ಬೇರಿಂಗ್ ಕೂರಿಸಿ ಗಾಡಿ ಜೋಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬರಿಗಾಲಣ್ಣ ಸೀಟು ಹತ್ತಿ ಎಡಗಾಲನ್ನು ಪೆಡಲ್ ಮೇಲಿಟ್ಟ. “ಆಟ ಜಾಸ್ತಿ ಇದೆ,” ಎಂದು ಇಳಿದು, ಪೆಡಲಿನ ಕೆಳಗಿನ ಸರಳಿನ ನಟ್ಟು ಬಿಗಿದ. ಮತ್ತೆ ಹತ್ತಿದ, ಒತ್ತಿದ, ಇಳಿದ, ಇನ್ನೊಂದು ಸುತ್ತು ಬಿಗಿದ.

ಅಕ್ಕ ಬಗ್ಗಿ ಕೈಯಿಂದಲೇ ಪೆಡಲ್ ಒತ್ತಿ ನೋಡಿದಳು.

“ಏನೋ ಇದು? ಆಟಾನೇ ಇಲ್ವಲ್ಲ.”

“ನಿನಗೇನು ಗೊತ್ತಾಗುತ್ತೆ, ಸರಿ ಆ ಕಡೆ,” ಎಂದು ಅವನೂ ಕೈ ಹಾಕಿದ. ಪೆಡಲು ಮುಟ್ಟಿದ ಕೂಡಲೇ ಗಟ್ಟಿ. ಕೈ ತೆಗೆದು ಕಾಲಿಟ್ಟ, ಸಡಿಲ. ಕೈ ಇಟ್ಟ, ಗಟ್ಟಿ. ಸ್ಪ್ಯಾನರ್ ಕೆಳಗಿಟ್ಟು ಅಲ್ಲೇ ಕೂತ.

ಅಷ್ಟರಲ್ಲಿ ಅವನ ಹೆಂಡತಿ ಟೀ ತಂದಳು. ಗಂಡ ಬೆಪ್ಪನಂತೆ ಕೂತಿರುವುದನ್ನು ಕಂಡು ಏನಾಯಿತೆಂದು ಅಕ್ಕನನ್ನು ಕೇಳಿದಳು, ಅಕ್ಕ ನಡೆದದ್ದು ಹೇಳಿದಳು. ಹೆಂಡತಿ ಲೋಟ ಕೆಳಗಿಟ್ಟಳು. “ಮೊನ್ನೆ ಅಂಗಡಿಯಿಂದ ಒಂದೇ ಚಪ್ಪಲಿಲಿ ಬಂದ್ರಲ್ಲ ರೀ. ಇನ್ನೊಂದು ಕಳಚಿ ಬಿದ್ದಿದ್ದೇ ಗೊತ್ತಾಗ್ಲಿಲ್ಲ ಅಂದ್ರಿ. ಮರೆವು ಅಂತ ನಕ್ಬಿಟ್ಟೆ ನಾನು.”

ಅಕ್ಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗಾಲನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ಕಣ್ಮುಚ್ಚು. ಸ್ಕ್ರೂಡ್ರೈವರ್ ತಾಗಿದಾಗ ಹೇಳು.”

ಅವನು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಾಯಿತು.

“ಶುರು ಮಾಡು ಮತ್ತೆ, ಏನು ಕಾಯ್ತಿದ್ದೀಯ?” ಎಂದ.

ಕಣ್ಣು ಬಿಟ್ಟರೆ ಸ್ಕ್ರೂಡ್ರೈವರಿನ ತುದಿ ಅಂಗಾಲಿನಲ್ಲಿ ಗುಳಿ ಬೀಳುವಷ್ಟು ಒತ್ತಿಕೊಂಡಿತ್ತು. ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು.

“ಎಷ್ಟು ದಿನದಿಂದ ಹೀಗಿದೆ?” ಅಕ್ಕ ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲಕ್ಕ. ಎಲ್ಲ ಗಾಡಿಗಳ ಪೆಡಲೂ ಸಡಿಲ ಆಗ್ತಿದೆ ಅನ್ಕೊಂಡಿದ್ದೆ.”

ಅಂದರೆ ಎಲ್ಲವನ್ನೂ ಬಿಗಿದಿದ್ದ. ಪೆಡಲು ಗಟ್ಟಿಯಾಯಿತೆಂದು ಅಂಗಾಲಿಗೆ ತಿಳಿಯುವ ಹೊತ್ತಿಗೆ ಆಟವೆಲ್ಲ ಮುಗಿದಿರುತ್ತಿತ್ತು. ಆಟವಿಲ್ಲದ ಪೆಡಲು ಯಾರೂ ಕಾಲಿಡದಿದ್ದರೂ ಸದಾ ಒತ್ತಿ ಹಿಡಿದಂತೆಯೇ. ಇಟ್ಟಿಗೆ ಭಟ್ಟಿಯ ಟ್ರ್ಯಾಕ್ಟರಿನ ಪ್ಲೇಟು ಎರಡು ಸಲ ಸುಟ್ಟಿದ್ದು ಆಗ ನೆನಪಾಯಿತು. ಅದರ ಡ್ರೈವರ್ ಪೆಡಲ್ ತುಳಿದುಕೊಂಡೇ ಓಡಿಸುತ್ತಾನೆ ಎಂದು ಬರಿಗಾಲಣ್ಣ ಸಾರಿ ಸಾರಿ ಹೇಳಿದ್ದಕ್ಕೆ ಭಟ್ಟಿಯ ಮಾಲೀಕರು ಅವನನ್ನು ಗಾಡಿಯಿಂದ ಇಳಿಸಿ ಇಟ್ಟಿಗೆ ಹೊರುವುದಕ್ಕೆ ಹಾಕಿದ್ದರು. ಆ ನಡುವಯಸ್ಸಿನ ಮನುಷ್ಯ ಶೆಡ್ಡಿಗೆ ಬಂದು, ನಾನು ಹಾಗೆ ಓಡಿಸೋನಲ್ಲ ಎಂದು ಕೈಮುಗಿದಿದ್ದ. ಅವನನ್ನು ಬರಿಗಾಲಣ್ಣ ಬೈದು ಕಳಿಸಿದ್ದ.

ಅಕ್ಕ ಸರಳಿನ ನಟ್ಟನ್ನು ಹಿಂದಕ್ಕೆ ತಿರುಗಿಸಿ, ಕೈಯಲ್ಲೇ ಒತ್ತಿ ನೋಡಿ ಆಟ ಬಿಟ್ಟಳು. “ನಾಳೆ ಮೊದಲು ಡಾಕ್ಟರ್ ಹತ್ರ ಹೋಗ್ಬೇಕು. ಉಳಿದ ಹೊಲ ಕಾಯುತ್ತೆ ಬಿಡು,” ಎಂದಳು.

ಅವನು ಹೂಂ ಎಂದ. ಈ ಸುದ್ದಿ ಹೊರಬಿದ್ದರೆ ಶೆಡ್ಡಿಗೆ ಯಾರು ಬರುತ್ತಾರೆ ಎಂಬ ಭಯವಿತ್ತು. ಆದರೂ ಫೋನ್ ತೆಗೆದು ಭಟ್ಟಿಯ ಮಾಲೀಕರಿಗೆ ಮಾಡಿದ. ನಿಮ್ಮ ಡ್ರೈವರದು ತಪ್ಪಿಲ್ಲ, ಪ್ಲೇಟು ಸುಟ್ಟಿದ್ದು ನಾನು ಬಿಗಿದದ್ದಕ್ಕೆ ಎಂದ.

ಅತ್ತ ಮಾಲೀಕರು ನಕ್ಕರು. “ಅವನು ಬಂದು ಗೋಳು ಹೊಯ್ಕೊಂಡ್ನಾ? ಪಾಪ ಅಂತ ನಿಮ್ಮ ಮೇಲೆ ಹಾಕ್ಕೋಬೇಡಿ ಬರಿಗಾಲಣ್ಣ. ನಿಮ್ಮ ಕಾಲು ಯಾವತ್ತಾದ್ರೂ ತಪ್ಪು ಹೇಳಿದ್ದುಂಟಾ?”

ಅಲ್ಲಿಗೇ ಸುಮ್ಮನಾಗಬಹುದಿತ್ತು. ಹೇಳಿದ್ದೇನೆ, ಅವರು ನಂಬಲಿಲ್ಲ ಎಂದು ಫೋನ್ ಇಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವನು ಎದ್ದು ನಿಂತ.

“ನನ್ನ ಕಾಲಿಗೆ ಈಗ ಏನೂ ಗೊತ್ತಾಗಲ್ಲ ಸ್ವಾಮಿ. ಚುಚ್ಚಿದ್ರೂ ಗೊತ್ತಾಗಲ್ಲ. ಇದನ್ನ ಯಾರಿಗೆ ಬೇಕಾದ್ರೂ ಹೇಳಿ. ಮೊದಲು ಅವನನ್ನ ಕರೆದು ಗಾಡಿ ಹತ್ತಿಸಿ.”