ನಲವತ್ತನಾಲ್ಕರ ಗೂಟ

ಗುನ್ವೋರ್ ಎಂಟನೇ ವಯಸ್ಸಿಗೇ ಕಾಲಿಗೆ ಹಿಮದಲ್ಲಿ ಜಾರುವ ಸ್ಕೀ ಹಲಗೆ ಕಟ್ಟಿಕೊಂಡು ಕೊಟ್ಟಿಗೆಯ ಮಾಡಿನಿಂದ ಹಾರಿದವಳು. ನಾರ್ವೆಯ ಆ ಕಣಿವೆಯಲ್ಲಿ ಹಾಗೆ ಹಾರಿದ ಮೊದಲ ಹೆಣ್ಣು ಅವಳೇ. ಪ್ರತಿ ಮಾರ್ಚಿನಲ್ಲಿ, ಯಾರು ಹೆಚ್ಚು ದೂರ ಹಾರುತ್ತಾರೆಂಬ ಪಂದ್ಯದ ದಿನ, ಇಳಿಜಾರು ಪರೀಕ್ಷಿಸಲು ಅವಳನ್ನೇ ಮೊದಲು ಹಾರಿಸುತ್ತಿದ್ದರು. ಹಿಮ ಗಟ್ಟಿಯಿದೆಯೋ ಇಲ್ಲವೋ ತಿಳಿಯಬೇಕಲ್ಲ. ಕಾಲು ಮುರಿದರೆ ಅವಳದು ಮುರಿಯಲಿ. ಪಂದ್ಯದಲ್ಲಿ ಮಾತ್ರ ಹೆಂಗಸರಿಗೆ ಜಾಗವಿಲ್ಲ, ಪರೀಕ್ಷೆಯ ಹಾರಾಟವನ್ನು ಯಾರೂ ಅಳೆಯುವುದಿಲ್ಲ. ಹನ್ನೊಂದು ಚಳಿಗಾಲ ಇದೇ ಅನ್ಯಾಯ. ಅವಳಿಗೆ ಬೇಕಿದ್ದದ್ದು ಒಂದೇ: ಒಂದು ಸಲ ತನ್ನ ಹಾರಾಟವನ್ನೂ ಅಳೆದು, ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು.

ಆ ವರ್ಷ ಅವಳು ನಲವತ್ತನಾಲ್ಕು ಮೀಟರಿನ ಗುರುತಿನ ಪಕ್ಕದಲ್ಲೇ ಇಳಿದಳು. ಅಲ್ಲಿ ಯಾವ ಗಂಡಸೂ ನಲವತ್ತೊಂದು ದಾಟಿರಲಿಲ್ಲ. ಅಂಚಿನಲ್ಲಿ ನಿಂತಿದ್ದ ಅಳತೆಯವರು ಜೇಬಿನಿಂದ ಕೈ ತೆಗೆಯಲಿಲ್ಲ.

ಪಂದ್ಯದ ಯಜಮಾನ ಹಾಲ್ವರ್. ಇಳಿಜಾರಿರುವುದೂ ಅವನದೇ ಹುಲ್ಲುಗಾವಲಿನಲ್ಲಿ.

"ಹೆಂಗಸೇ ಇಷ್ಟು ದೂರ ಹೋದ್ಲು ಅಂದ್ರೆ ಹಿಮ ವಿಪರೀತ ಜಾರ್ತಿದೆ," ಎಂದ. "ಹುಡುಗ್ರು ಸತ್ತೇ ಹೋಗ್ತಾರೆ. ಶುರು ಮಾಡೋ ಜಾಗ ಕೆಳಗಿಳಿಸಿ, ವೇಗ ಕಮ್ಮಿಯಾಗ್ಲಿ."

"ಜಾಸ್ತಿ ಹೋಗಿದ್ದು ಹಿಮದಿಂದಲ್ಲ, ನನ್ನಿಂದ," ಎಂದಳು ಗುನ್ವೋರ್.

"ಸುಮ್ನಿರಮ್ಮ. ಕಾಫಿ ಕುದೀತಾ ನೋಡು ಹೋಗು."

ಗಂಡಸರು ಹಾರಿದರು. ಗೆದ್ದವನದು ಮೂವತ್ತೈದು ಮೀಟರ್. ಅವನ ಕೈಗೆ ಬಹುಮಾನದ ಬೆಳ್ಳಿ ಚಮಚ ಕೊಟ್ಟು ಚಪ್ಪಾಳೆ ತಟ್ಟುತ್ತಿದ್ದಾಗ ಗುನ್ವೋರ್ ಮತ್ತೆ ಮೇಲೆ ಹತ್ತಿ, ಕೆಳಗಿಳಿಸಿದ ಅದೇ ಜಾಗದಿಂದ ಹಾರಿ ಮೂವತ್ತೊಂಬತ್ತರಲ್ಲಿ ಇಳಿದಳು. ಚಪ್ಪಾಳೆ ನಿಂತಿತು.

"ಈಗ ಅಳೀರಿ."

"ಟೇಪ್ ಸುತ್ತಿಟ್ಟಾಯ್ತು," ಎಂದ ಹಾಲ್ವರ್, ಅವಳ ಮುಖ ನೋಡದೆ.

ಅವಳು ನಲವತ್ತನಾಲ್ಕರಲ್ಲಿ ತಾನು ಇಳಿದ ಕಡೆ ಒಂದು ಕೊಂಬೆ ನೆಟ್ಟು ಮನೆಗೆ ಹೋದಳು. ಮರುದಿನ ನೋಡಿದರೆ ಯಾರೋ ಅದನ್ನು ಕಿತ್ತೆಸೆದಿದ್ದರು. ಅಷ್ಟನ್ನೂ ಸಹಿಸದ ಜನ. ಹಿಮ ಕರಗಿದ ವಾರವೇ ಅವಳು ಅಣ್ಣನ ಕುಲುಮೆಯಿಂದ ಕಬ್ಬಿಣದ ಗೂಟ ಹೊತ್ತು ತಂದು, ಅದೇ ಜಾಗದ ಬಂಡೆಯ ಬಿರುಕಿಗೆ ಹೊಡೆದಳು. ಮೇಲೆ ನಾಲ್ಕು ಬೆರಳಷ್ಟೇ ಉಳಿಸಿದಳು.

ಜುಲೈನಲ್ಲಿ ಹುಲ್ಲು ಕೊಯ್ಯುವಾಗ ಹಾಲ್ವರನ ಉದ್ದ ಕುಡುಗೋಲು ಅದಕ್ಕೆ ಬಡಿದು ಬಾಯಿ ಮುರಿಯಿತು. ಅದನ್ನೇ ಹಿಡಿದುಕೊಂಡು ಅವಳ ಬಾಗಿಲಿಗೆ ಬಂದ.

"ಏನೇ ಅದು, ನನ್ನ ಹುಲ್ಲಲ್ಲಿ?"

"ನಲವತ್ತನಾಲ್ಕು ಮೀಟರ್," ಎಂದಳು. "ಸುಳ್ಳು ಅನ್ಸಿದ್ರೆ ಟೇಪ್ ತನ್ನಿ. ಅಳೆದೇ ಬಿಡೋಣ."

ಟೇಪ್ ತರುವ ಧೈರ್ಯ ಅವನಿಗಾಗಲಿಲ್ಲ. ಕುದುರೆ ಕಟ್ಟಿ ಎಳೆಸಿದರೂ ಗೂಟ ಬರಲಿಲ್ಲ. ಅದರ ಸುತ್ತಲಿನ ಹುಲ್ಲನ್ನು ಅವನು ಬದುಕಿರುವಷ್ಟು ಕಾಲ ಮಂಡಿಯೂರಿ ಕೈಯಿಂದಲೇ ಕಿತ್ತ.